ಕಟ್ಟದೆ ಬಿಟ್ಟ ರಿಂಗುಗಳು

ಉಗರಗೋಳದ ಆ ಕಟ್ಟಡಕ್ಕೆ ತೊಲೆಗಳಿರಲಿಲ್ಲ. ತೊಲೆ ಬೇಡ ಎಂದವರು ಸಾಹುಕಾರರು, ಆಗಲಿ ಎಂದು ಒಪ್ಪಿದವಳು ನಾನು.

ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಕಚೇರಿ ಇದೆ. ಕಂಬ ಎಷ್ಟು ದಪ್ಪವಿರಬೇಕು, ಸ್ಲ್ಯಾಬಿನೊಳಗೆ ಎಷ್ಟು ಸರಳು ಹೋಗಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ನನ್ನ ಹುಟ್ಟೂರು ಹೂಲಿ. ತಂದೆ ಅಲ್ಲಿ ಪೂಜೆ ಮಾಡಿಕೊಂಡಿದ್ದವರು. ಮಗಳು ಸಿಮೆಂಟು ಸರಳಿನ ವಿದ್ಯೆ ಕಲಿಯುತ್ತೇನೆ ಎಂದಾಗ ಬೇಡ ಎನ್ನಲಿಲ್ಲ; ಅದು ಏನು, ಎತ್ತ ಎಂದು ಕೇಳಲೂ ಇಲ್ಲ. ಆದರೆ ನಾನು ಲೆಕ್ಕ ಹಾಕಿದ ಮೊದಲ ಮನೆಯ ಸ್ಲ್ಯಾಬ್ ಹಾಕುವ ದಿನ ಬಂದು, ಸಂಜೆಯವರೆಗೂ ಬಿಸಿಲಲ್ಲಿ ನಿಂತಿದ್ದರು.

ಸಾಹುಕಾರರದು ಒಕ್ಕಲುತನದ ಮನೆತನ. ಊರ ಪಕ್ಕದ ಗುಡ್ಡದ ದೇವಿಯ ದರ್ಶನಕ್ಕೆ ಬರುವ ಭಕ್ತರಿಗೆ ಕಾಯಿ, ಕರ್ಪೂರ, ಭಂಡಾರದ ಅರಿಸಿನ ಪುಡಿ ಮಾರುತ್ತ ಮಾರುತ್ತ ಅಂಗಡಿ ದೊಡ್ಡದಾಗಿತ್ತು. ರಸ್ತೆಯ ಪಕ್ಕದ ತಮ್ಮ ಜಾಗದಲ್ಲಿ ಒಂದು ಕಟ್ಟಡ ಎಬ್ಬಿಸಬೇಕೆಂದು ಬಂದರು. ಕೆಳಗೆ ಭಕ್ತರು ಇಳಿದುಕೊಳ್ಳಲು ಒಂದೇ ದೊಡ್ಡ ಹಾಲು, ಮೇಲೆ ಬಾಡಿಗೆ ಕೋಣೆಗಳು. ಹಾಲಿನಲ್ಲಿ ತಲೆಯ ಮೇಲೆ ಒಂದು ತೊಲೆಯೂ ಕಾಣಬಾರದು, ಮೇಲ್ಗಡೆ ಹಾಳೆಯ ಹಾಗೆ ಸಪಾಟಾಗಿರಬೇಕು ಎಂಬುದು ಅವರ ಆಸೆ. ಬೆಳಗಾವಿಯಲ್ಲಿ ಎಲ್ಲೋ ಅಂಥದನ್ನು ನೋಡಿ ಬಂದಿದ್ದರು.

ಮಾಡಬಹುದು. ಆದರೆ ಅದಕ್ಕೊಂದು ಅಪಾಯವಿದೆ. ತೊಲೆಗಳಿದ್ದರೆ ಸ್ಲ್ಯಾಬಿನ ಭಾರ ತೊಲೆಗೆ ಹೋಗಿ, ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ. ತೊಲೆ ಇಲ್ಲದಿದ್ದರೆ ಸ್ಲ್ಯಾಬು ನೇರವಾಗಿ ಕಂಬಗಳ ನೆತ್ತಿಯ ಮೇಲೆಯೇ ಕೂರುತ್ತದೆ. ಬಿಸಿ ರೊಟ್ಟಿಯನ್ನು ಒಂದೇ ಬೆರಳಿನ ತುದಿಯ ಮೇಲೆ ಎತ್ತಿದರೆ ಬೆರಳು ತೂರಿ ಮೇಲೆ ಬರುತ್ತದಲ್ಲ, ಹಾಗೆಯೇ ಭಾರ ಹೆಚ್ಚಾದಾಗ ಕಂಬ ಇದ್ದಲ್ಲೇ ಇರುತ್ತದೆ, ಸ್ಲ್ಯಾಬು ಅದರ ಸುತ್ತ ಕತ್ತರಿಸಿಕೊಂಡು ಕೆಳಕ್ಕೆ ಬೀಳುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಶಿಯರ್ ಎನ್ನುತ್ತೇವೆ. ಸ್ಲ್ಯಾಬು ಬಾಗಿ ಕೆಡುವುದಾದರೆ ತಿಂಗಳುಗಟ್ಟಲೆ ಮುಂಚೆ ಹೇಳಿ ಕೆಡುತ್ತದೆ. ನಡುವೆ ಜೋಲುತ್ತದೆ, ಬಾಗಿಲು ಹಾಕಲು ಬರುವುದಿಲ್ಲ, ಗಿಲಾವು ಉದುರುತ್ತದೆ. ಶಿಯರ್ ಹಾಗಲ್ಲ. ಬಂದರೆ ಒಂದು ಕ್ಷಣದಲ್ಲಿ ಬರುತ್ತದೆ.

ತಡೆಯುವ ಉಪಾಯಗಳಿವೆ. ಕಂಬದ ತಲೆಯ ಬಳಿ ಸ್ಲ್ಯಾಬನ್ನು ದಪ್ಪ ಮಾಡುವುದು ಒಂದು. ಸಾಹುಕಾರರು ಅದನ್ನು ಒಪ್ಪಲಿಲ್ಲ, ಸಪಾಟು ಕೆಡುತ್ತದೆ ಎಂದರು. ಇನ್ನೊಂದು, ಪ್ರತಿ ಕಂಬದ ಸುತ್ತ ಸ್ಲ್ಯಾಬಿನ ದಪ್ಪದೊಳಗೇ ಕಬ್ಬಿಣದ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟುವುದು. ಕಾಂಕ್ರೀಟು ಓರೆಯಾಗಿ ಸೀಳಲು ಹೊರಟರೆ ಈ ರಿಂಗುಗಳು ಹೊಲಿಗೆಯಂತೆ ಹಿಡಿದುಕೊಳ್ಳುತ್ತವೆ. ನಾನು ಅದನ್ನೇ ಬರೆದುಕೊಟ್ಟೆ. ಹದಿನಾರು ಕಂಬ, ಹದಿನಾರಕ್ಕೂ ರಿಂಗು.

ಸರಳು ಕಟ್ಟುವ ಕೆಲಸ ಹಿಡಿದವರು ಉಗರಗೋಳದವರೇ ಆದ ಒಬ್ಬ ವಯಸ್ಸಾದ ಮೇಸ್ತ್ರಿ. ನನ್ನ ಕೆಲಸಗಳಲ್ಲಿ ಹತ್ತು ವರ್ಷ ದುಡಿದವರು. ಓದು ಬರದಿದ್ದರೂ ನಕ್ಷೆ ನನಗಿಂತ ಬೇಗ ಅವರಿಗೆ ಅರ್ಥವಾಗುತ್ತಿತ್ತು. ಅವರನ್ನು ನಾನು ಪೂರ್ತಿ ನಂಬಿದ್ದೆ.

ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ತಪಾಸಣೆಗೆ ಹೋದೆ. ಮುಂಗಾರಿನ ಮಿರಗದ ಮಳೆಯ ಮೋಡ ಗುಡ್ಡದ ಮೇಲೆ ಕವಿದಿತ್ತು. ಕೂಲಿಯವರು ಆಗಲೇ ಬುಟ್ಟಿ ಹಿಡಿದು ನಿಂತಿದ್ದರು. ನಾನು ಪೂರ್ವದ ಸಾಲಿನಿಂದ ಶುರು ಮಾಡಿ, ಪ್ರತಿ ಕಂಬದ ಬಳಿ ಕುಕ್ಕರುಗಾಲಲ್ಲಿ ಕೂತು ರಿಂಗುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದೆ. ಮೂರನೆಯ ಸಾಲಿಗೆ ಬಂದಾಗ ಕಂಬಕ್ಕೆ ಆತುಕೊಂಡೇ ಒಂದು ದಪ್ಪ ಪೈಪು ನಿಂತಿರುವುದು ಕಂಡಿತು. ನಳದ ಕೆಲಸದವನು ಪಾಯಿಖಾನೆಗೆಂದು ನಿಲ್ಲಿಸಿದ್ದ. ಕಂಬದ ಮಗ್ಗುಲಲ್ಲೇ ತೂತು ಬಿಟ್ಟರೆ ಸ್ಲ್ಯಾಬಿಗೆ ಕಂಬದ ಮೇಲೆ ಕೂರಲು ಇರುವ ಹಿಡಿತವೇ ಅಷ್ಟು ಕಡಿಮೆಯಾಗುತ್ತದೆ. ತೆಗೆಯಿರಿ ಎಂದೆ. ಅವನು ಸಾಹುಕಾರರನ್ನು ಕರೆದ.

"ಬಾಯಾರ, ವಾಸ್ತು ನೋಡಾವ್ರು ಅಲ್ಲೇ ಇಡಬೇಕಂತ ಹೇಳ್ಯಾರ್ರಿ," ಎಂದರು ಸಾಹುಕಾರರು.

"ವಾಸ್ತುದವರು ಬಂದು ಸ್ಲ್ಯಾಬ್ ಹೊತ್ತು ನಿಲ್ಲೂದಿಲ್ರಿ. ಪೈಪ್ ಅಲ್ಲಿದ್ರ ನಾ ಸಹಿ ಮಾಡೂದಿಲ್ಲ."

ಒಂದು ತಾಸು ವಾದ ನಡೆಯಿತು. ಕೊನೆಗೆ ಗೆದ್ದೆ. ಪೈಪು ಕಂಬದಿಂದ ಐದಡಿ ದೂರ ಸರಿಯಿತು. ಗೆದ್ದ ಹುಮ್ಮಸ್ಸಿನಲ್ಲಿ ಆ ಸಾಲಿನ ಉಳಿದ ಕಂಬಗಳನ್ನೂ ಎಣಿಸಿ ಎದ್ದು ನಿಂತಾಗ ಒಂದೆರಡು ಹನಿ ಮಳೆ ಬಿತ್ತು. ಪಶ್ಚಿಮದ ಕೊನೆಯ ಸಾಲಿನ ನಾಲ್ಕು ಕಂಬ ಇನ್ನೂ ನೋಡುವುದಿತ್ತು. ನಾನು ಇದ್ದಲ್ಲಿಂದಲೇ ಮೇಸ್ತ್ರಿಯನ್ನು ಕೂಗಿ ಕೇಳಿದೆ: "ಆ ಸಾಲೂ ಹಿಂಗ ಅದ ಅಲ್ರಿ?"

"ಹ್ಞೂಂರಿ," ಎಂದರು ಅವರು.

ನಾನು ಸಹಿ ಮಾಡಿದೆ. ಮಿಕ್ಸರ್ ತಿರುಗಿತು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕಚೇರಿಯ ಬೀಗ ತೆಗೆಯುತ್ತಿರುವಾಗ ಮೇಸ್ತ್ರಿಯ ಫೋನು ಬಂತು. ಅವರು ತಾವಾಗಿ ಫೋನು ಮಾಡುವವರೇ ಅಲ್ಲ.

"ಬಾಯಾರ, ಈಗಿಂದೀಗ ಉಗರಗೋಳಕ್ಕ ಬರಾಕ ಆಗತೈತೇನ್ರಿ?"

"ಯಾಕ್ರಿ, ಏನಾತು?"

"ಸಾವಕಾರ್ರ ಕಟ್ಟಡದ ಮ್ಯಾಲ ಬಿರುಕ ಬಿಟ್ಟೈತ್ರಿ."

"ಬಿರುಕು ಎಲ್ಲಾ ಸ್ಲ್ಯಾಬಿಗೂ ಬಿಡ್ತಾವ. ಎಲ್ಲಿ ಬಿಟ್ಟದ?"

ಹಿಂದೆ ಮೋಟಾರುಗಳ ಸದ್ದು ಕೇಳುತ್ತಿತ್ತು.

"ಕಂಬದ ಸುತ್ತ ಬಿಟ್ಟೈತ್ರಿ. ಬಳಿ ಇಟ್ಟಂಗ, ರೌಂಡ."

ನನ್ನ ಕೈಯಲ್ಲಿದ್ದ ಬೀಗ ಹಾಗೇ ಉಳಿಯಿತು.

"ಕೆಳಗ ಮಂದಿ ಅದಾರೇನು?"

"ತುಂಬ್ಯಾರ್ರಿ. ಹುಣ್ಣಿಮಿ ಮುಂದ ಐತಲ್ರಿ."

"ಸಾವಕಾರ್ರಿಗೆ ಹೇಳಿ ಅವರನ್ನ ಹೊರಗ ಕಳಿಸ್ರಿ. ನಾ ಹೊಂಟೆ."

"ಹೇಳೇನ್ರಿ. ನಗತಾರ. ನೀವ ಬಂದ ಹೇಳ್ರಿ, ಬಾಯಾರ."

ಬೈಲಹೊಂಗಲದಿಂದ ಅಲ್ಲಿಗೆ ತಾಸಿಗೆ ಹತ್ತಿರದ ದಾರಿ. ನಾನು ಸಾಹುಕಾರರಿಗೆ ಫೋನು ಮಾಡುತ್ತಲೇ ಕಾರು ನಡೆಸಿದೆ. ಅವರು ಎತ್ತಲಿಲ್ಲ. ಸವದತ್ತಿ ದಾಟಿದ ಮೇಲೆ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಟ್ರೇಲರುಗಳ ತುಂಬ ಹೆಂಗಸರು, ಮಕ್ಕಳು, ಪಾತ್ರೆ, ಜೋಳದ ಹಿಟ್ಟಿನ ಡಬ್ಬಿ. ಅವರಲ್ಲಿ ಎಷ್ಟು ಜನ ಆ ಹಾಲಿನಲ್ಲಿ ಇಳಿದುಕೊಳ್ಳಲು ಹೊರಟವರೋ. ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿತ್ತು. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಆ ಸ್ಲ್ಯಾಬನ್ನು ನಾನು ವಾಸದ ಕೋಣೆಗಳ ಭಾರಕ್ಕೆ ಮಾಡಿದ್ದೆ; ಮಂಚ, ಮಂದಿ, ತೆಳುವಾದ ಗೋಡೆ, ಅಷ್ಟೆ. ಕೋಣೆಗಳನ್ನು ಇನ್ನೂ ಕಟ್ಟಿಲ್ಲ, ಮೇಲೆ ಖಾಲಿ ಇದೆ ಎಂದು ಕೇಳಿದ್ದೆ. ಖಾಲಿ ಇರುವ ಸ್ಲ್ಯಾಬು ಕಂಬದ ಸುತ್ತ ಯಾಕೆ ಬಿರಿಯುತ್ತದೆ?

ಮೆಟ್ಟಿಲು ಹತ್ತಿ ಮೇಲೆ ಹೋದಾಗ ತಿಳಿಯಿತು. ಖಾಲಿ ಇರಲಿಲ್ಲ. ಹುಣ್ಣಿಮೆಯ ವ್ಯಾಪಾರಕ್ಕೆಂದು ಸಾಹುಕಾರರು ಭಂಡಾರದ ಚೀಲ, ಕಾಯಿಯ ಚೀಲ, ಬೆಲ್ಲದ ಪೆಂಟೆಗಳನ್ನು ತರಿಸಿ ಒಟ್ಟಿದ್ದರು. ರಸ್ತೆ ಪಶ್ಚಿಮಕ್ಕಿದೆ. ಸರಕನ್ನು ರಾಟೆಯಿಂದ ಮೇಲೆಳೆದು ಅಲ್ಲೇ, ಮುಂದೆ ಕೋಣೆ ಕಟ್ಟಲೆಂದು ಸ್ಲ್ಯಾಬಿನಿಂದ ಮೇಲಕ್ಕೆ ಬಿಟ್ಟಿದ್ದ, ಕೈಗೆ ಹತ್ತಿರವಾದ ಕೊನೆಯ ಸಾಲಿನ ಕಂಬಗಳ ಸುತ್ತಲೇ, ಆಳೆತ್ತರ ಪೇರಿಸಿದ್ದರು. ಉಳಿದ ಮುಕ್ಕಾಲು ಜಾಗ ಬರಿದಾಗಿತ್ತು.

ಮೇಸ್ತ್ರಿ ಒಂದು ಕಂಬದ ಬಳಿ ನಿಂತು ಕೈ ತೋರಿಸಿದರು. ಬೋಳು ಸಿಮೆಂಟಿನ ನೆಲದ ಮೇಲೆ, ಕಂಬದಿಂದ ಒಂದೂವರೆ ಅಡಿ ದೂರದಲ್ಲಿ ಬಿರುಕು ಬಿಲ್ಲಿನಂತೆ ಬಾಗಿ ಹೋಗಿ ಚೀಲಗಳ ಕೆಳಗೆ ಸೇರಿತ್ತು. ನಾನು ಬಾಗಿ ಉಗುರು ಇಟ್ಟೆ. ಉಗುರು ಒಳಗಿಳಿಯಿತು. ಬಿರುಕಿನ ಒಳಗೋಡೆ ಬೆಳ್ಳಗಿತ್ತು, ಧೂಳು ಕೂತಿರಲಿಲ್ಲ. ಅಂದರೆ ಹಳೆಯದಲ್ಲ; ಇವತ್ತಿನದು, ಹೆಚ್ಚೆಂದರೆ ನಿನ್ನೆಯದು. ರಿಂಗುಗಳು ಇದ್ದರೆ ಇಷ್ಟು ಬಾಯಿ ಬಿಡಬಾರದಿತ್ತು. ಆ ಯೋಚನೆ ಬಂತು. ಅದರ ಹಿಂದೆ ಹೋಗಲು ವೇಳೆ ಇರಲಿಲ್ಲ.

ನಾನು ಹಿಂದೆ ಹಿಂದೆ ಸರಿದು, ಹಗುರವಾಗಿ ಕಾಲಿಡುತ್ತ ಮೆಟ್ಟಿಲಿಗೆ ಬಂದೆ. ನನ್ನ ಭಾರ ಏನೂ ಅಲ್ಲವೆಂದು ಗೊತ್ತಿದ್ದರೂ ಕಾಲು ಹಾಗೇ ಬೀಳುತ್ತಿತ್ತು.

ಸಾಹುಕಾರರು ಕೆಳಗೆ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದರು.

"ಏನ್ ಬಾಯಾರ, ಮೇಸ್ತ್ರಿ ನಿಮ್ಮನ್ನೂ ಹೆದರಿಸಿ ಕರಕೊಂಡ ಬಂದ್ರೇನು? ಕೂದಲೆಳಿ ಬಿರುಕ ಐತಿ. ಹುಣ್ಣಿಮಿ ಆದ ಮ್ಯಾಲ ಸಿಮೆಂಟ್ ತುಂಬಸೂಣು."

"ಸಾವಕಾರ್ರ, ಹಾಲ್‌ನ್ಯಾಗ ಇರೋ ಮಂದೀನ ಈಗ ಹೊರಗ ಕಳಿಸಬೇಕು. ಚಹಾ ಕುಡದು ಅಲ್ಲ. ಈಗ."

"ಅರವತ್ತ ಮಂದಿ ಅದಾರ್ರಿ. ಅಡಗಿ ಮಾಡಾಕ ಹತ್ತ್ಯಾರ. ಹೊರಗ ಹಾಕಿದ್ರ ನಾಳೆ ಯಾರ್ರಿ ಬರತಾರ ನನ್ನ ಹಾಲಿಗಿ?"

"ಅದು ಬಿದ್ರ ಬಿರುಕು ದೊಡ್ಡದಾಗಿ ಬೀಳೂದಿಲ್ಲ. ನೀವೂ ನಾನೂ ಇಲ್ಲಿ ಮಾತಾಡ್ತಿರೋವಾಗ ಬೀಳ್ತದ. ಒಂದು ಕಂಬದ ಹತ್ರ ಹರೀತಂದ್ರ ಆ ಭಾರ ಪಕ್ಕದ ಕಂಬಕ್ಕ ಬರ್ತದ. ಅದು ತಡೀಲಿಲ್ಲಂದ್ರ ಅದರ ಪಕ್ಕದ್ದು. ನಿಮ್ಮ ಸರಕು ಎಲ್ಲಾ ಆ ಮಂದಿ ಮ್ಯಾಲ ಇಳೀತದ. ನಾ ಲೆಕ್ಕಾ ಹಾಕಿದಾಕಿ ಹೇಳ್ಲಿಕ್ಕತ್ತೇನಿ."

ಅವರ ಮುಖದಲ್ಲಿನ ನಗು ಹೋಯಿತು. ಆದರೂ ಅವರು ಅಂಗಡಿಯ ಹೊಸ್ತಿಲಿನಿಂದ ಕದಲಲಿಲ್ಲ. ನಾನು ಕಾಯಲಿಲ್ಲ. ಹಾಲಿನೊಳಗೆ ಹೋದೆ.

ಒಳಗೆ ಮಂದಿ ಗುಂಪು ಗುಂಪಾಗಿ ಕೂತಿದ್ದರು. ಕೆಲವರು ಮಲಗಿದ್ದರು. ಒಂದು ಕಡೆ ಮೂರು ಸ್ಟೋವು ಉರಿಯುತ್ತಿದ್ದವು. ಕಿರುಚಿದರೆ ಎಲ್ಲರೂ ಒಟ್ಟಿಗೇ ಎದ್ದು ಬಾಗಿಲಲ್ಲಿ ನುಗ್ಗಾಡುತ್ತಾರೆಂಬ ಹೆದರಿಕೆ. ನಾನು ಪಶ್ಚಿಮದ ಗೋಡೆಯ ಕಡೆ ಹೋಗಿ, ಅಲ್ಲಿಂದಲೇ ಒಬ್ಬೊಬ್ಬರನ್ನು ಎಬ್ಬಿಸತೊಡಗಿದೆ. "ಮ್ಯಾಲ ಕೆಲಸಾ ಅದ, ಧೂಳ ಬೀಳ್ತದ, ಮಕ್ಕಳನ್ನ ಕರ್ಕೊಂಡು ಬೇವಿನ ಗಿಡದ ಕೆಳಗ ನಡೀರಿ," ಎಂದು ಎಲ್ಲರಿಗೂ ಅದೊಂದೇ ಮಾತು. ಮೇಸ್ತ್ರಿ ಆ ತುದಿಯಿಂದ ಅದನ್ನೇ ಹೇಳುತ್ತ ಬಂದರು. ಜನ ಗೊಣಗುತ್ತ ಎದ್ದರು, ಗಂಟು ಕಟ್ಟಿದರು. ನನಗೆ ಒಂದೊಂದು ಗಂಟು ಕಟ್ಟುವುದೂ ಒಂದೊಂದು ಯುಗವಾಗಿ ಕಾಣುತ್ತಿತ್ತು.

ಒಬ್ಬ ಮುದುಕಿ ಮಾತ್ರ ಏಳಲಿಲ್ಲ. ಮೇಲೆ ಸುತ್ತ ಬಿರುಕು ಬಿಟ್ಟಿದ್ದ ಅದೇ ಕಂಬಕ್ಕೆ ಬೆನ್ನು ಆನಿಸಿಕೊಂಡು ಹೋಳಿಗೆ ಬೇಯಿಸುತ್ತಿದ್ದಳು.

"ನೈವೇದ್ಯ ಆಗೂತನ ನಾ ಏಳಾಕಿ ಅಲ್ಲವಾ. ಬೆಂಕಿ ಮ್ಯಾಲಿಂದ ಅರ್ಧಾಕ ಇಳಸಬಾರದು."

"ಅಜ್ಜಿ, ನಮ್ಮ ಮನ್ಯಾಗ ಪೂಜಿ ಮಾಡೂದ ಕಸಬು. ನಾ ಹೇಳ್ತೇನಿ, ಜಾಗಾ ಬದಲಿ ಮಾಡಿದ್ರ ನೈವೇದ್ಯ ಕೆಡೂದಿಲ್ಲ."

"ನಿನಗೇನ ಗೊತ್ತ? ಹರಕಿ ನಂದು."

ಆಗ ನಮ್ಮ ತಲೆಯ ಮೇಲಿಂದ ಸುಣ್ಣದ ಒಂದು ಚಕ್ಕೆ ಕಳಚಿ ಅವಳ ಹಿಟ್ಟಿನ ಪರಾತದೊಳಗೆ ಬಿತ್ತು. ಅವಳು ಮೇಲೆ ನೋಡಿದಳು. ನಾನು ನೋಡಲಿಲ್ಲ. ಉರಿಯುವ ಸ್ಟೋವನ್ನು ಹೆಂಚಿನ ಸಮೇತ ಎರಡು ಕೈಯಿಂದ ಎತ್ತಿಕೊಂಡು ಬಾಗಿಲ ಕಡೆ ನಡೆದೆ. ಹಿಂದಿನಿಂದ ಮುದುಕಿ ಬೈಯುತ್ತ ಪರಾತ ಹಿಡಿದು ಬಂದಳು. ಬೇವಿನ ಮರದ ಕೆಳಗೆ ಸ್ಟೋವು ಇಟ್ಟಾಗ ಹೋಳಿಗೆ ಇನ್ನೂ ಹೆಂಚಿನ ಮೇಲೇ ಇತ್ತು. ಅವಳು ಅದನ್ನು ಮಗುಚಿ ಹಾಕಿದಳು. ನನ್ನ ಸೀರೆಯ ಸೆರಗಿಗೆ ಬೆಂಕಿ ತಾಗಿ ಸುಟ್ಟಿದ್ದನ್ನು ಆಮೇಲೆ ಯಾರೋ ತೋರಿಸಿದರು.

ಹಾಲು ಖಾಲಿಯಾಯಿತು. ಅಂಗಡಿಯ ಗಿರಾಕಿಗಳೂ ದೂರ ಹೋದರು. ಸಾಹುಕಾರರು ಸುಣ್ಣದ ಚಕ್ಕೆ ಬಿದ್ದುದನ್ನು ಕಿಟಕಿಯಿಂದ ನೋಡಿದ್ದರು. ಈಗ ಅವರೇ ಕೇಳಿದರು: "ಬಾಯಾರ, ಏನ ಮಾಡೂಣ್ರಿ?"

ಎರಡು ದಾರಿ ಇದ್ದವು. ಮೊದಲು ಮೇಲಿನ ಭಾರ ಇಳಿಸುವುದು. ಹಾಗೆ ಮಾಡಲು ಜನರನ್ನು ಆ ಸ್ಲ್ಯಾಬಿನ ಮೇಲೆ ಹತ್ತಿಸಬೇಕು, ಅವರು ಚೀಲ ಎಳೆದು ಧೊಪ್ಪೆಂದು ಹಾಕುತ್ತಾರೆ. ಇಲ್ಲವೇ ಮೊದಲು ಕೆಳಗಿನಿಂದ ಊರೆ ಕೊಟ್ಟು ಸ್ಲ್ಯಾಬನ್ನು ಎತ್ತಿ ಹಿಡಿಯುವುದು. ಹಾಗೆ ಮಾಡಲು ಯಾರಾದರೂ ಅದರ ಕೆಳಗೆ ಹೋಗಬೇಕು. ಏನೂ ಮಾಡದೆ ರಸ್ತೆಯಲ್ಲಿ ನಿಂತು ನೋಡುವುದೂ ಒಂದು ದಾರಿಯೇ, ನಿಯಮದ ಪ್ರಕಾರ ಅದೇ ಸರಿಯಿದ್ದಿರಬಹುದು. ಆದರೆ ಗೋಡೆಗೆ ಗೋಡೆ ಹಚ್ಚಿ ಪಕ್ಕದಲ್ಲಿ ಹೆಂಚಿನ ಮನೆಗಳಿದ್ದವು, ಮುಂದೆ ಟ್ರ್ಯಾಕ್ಟರುಗಳು ಹೋಗುವ ರಸ್ತೆ ಇತ್ತು. ಊರೆ ಕೊಡುವುದೆಂದು ನಿರ್ಧರಿಸಿದೆ. ಅದೇ ಬೀದಿಯಲ್ಲಿ ಇನ್ನೊಂದು ಮನೆಯ ಕೆಲಸ ನಡೆಯುತ್ತಿತ್ತು. ಮೇಸ್ತ್ರಿ ಅಲ್ಲಿಗೆ ಓಡಿ, ಸ್ಲ್ಯಾಬಿಗೆ ಆಸರೆ ಕೊಡುವ ಕಬ್ಬಿಣದ ಜಾಕುಗಳನ್ನೂ ದಪ್ಪ ಹಲಗೆಗಳನ್ನೂ ಗಾಡಿಯಲ್ಲಿ ಹೇರಿಸಿಕೊಂಡು ಬಂದರು.

"ಬಿರುಕು ಬಿಟ್ಟ ಕಂಬದಿಂದ ಶುರು ಮಾಡೋಣ," ಎಂದೆ.

ಅವರು ನನ್ನನ್ನು ಸ್ವಲ್ಪ ಆಚೆ ಕರೆದರು. ಜಾಕನ್ನು ನೆಲಕ್ಕೆ ಊರಿ ಅದನ್ನೇ ನೋಡುತ್ತ ಹೇಳಿದರು.

"ಅದೊಂದ ಅಲ್ರಿ, ಬಾಯಾರ. ಅದರ ಮಗ್ಗಲಿನ ಕಂಬಕ್ಕೂ ಕಟ್ಟಿಲ್ರಿ."

"ಏನು ಕಟ್ಟಿಲ್ಲ?"

"ರಿಂಗ. ಎರಡ ಕಂಬಕ್ಕ ಕಟ್ಟಿಲ್ಲ. ರಿಂಗ ಕಡಿಮಿ ಬಿದ್ದಿದ್ದೂ. ಮತ್ತ ಬಗ್ಗಿಸಿ ತರಬೇಕಂದ್ರ ಅರ್ಧ ದಿನ ಬೇಕಿತ್ತು. ಮೋಡ ಬಂದಿತ್ತು, ಕೂಲಿ ಮಂದಿ ನಿಂತಿತ್ತು. ನೀವು ಅಲ್ಲಿಂದ ಕೇಳಿದ್ರಿ. ನಾ ಹ್ಞೂಂ ಅಂದ್ನಿ."

ನಾನು ಕೈಯಲ್ಲಿದ್ದ ಹಲಗೆ ಕೆಳಗಿಟ್ಟೆ.

"ಎರಡು ವರ್ಷ ಆತಲ್ರಿ. ಯಾಕ ಹೇಳಲಿಲ್ಲ?"

"ದಿನಾ ಹೇಳಬೇಕಂತಿದ್ನಿ. ಮ್ಯಾಲ ಖಾಲಿ ಐತಲ್ಲ, ಏನೂ ಆಗೂದಿಲ್ಲ ಅಂತ ಸುಮ್ಮನಾಗತಿದ್ನಿ. ಇವತ್ತ ಕಾಯಿ ತಗೊಳ್ಳಾಕ ಬಂದ್ರ, ಸಾವಕಾರ್ರು ಒಂದ ಚೀಲ ಇಳಿಸಿಕೊಡ ಅಂತ ಮ್ಯಾಲ ಕಳಿಸಿದ್ರು. ಆ ಕಂಬದ ಸುತ್ತ ಸರಕ ನೋಡಿ ನನ್ನ ಕೈಕಾಲ ಬಿದ್ದೂ." ಅವರು ಜಾಕನ್ನು ಎತ್ತಿ ಹೆಗಲಿಗಿಟ್ಟರು. "ಬೈಯೂದ ಆಮ್ಯಾಲ ಬೈರಿ. ನಾ ಒಬ್ಬನ ಒಳಗ ಹೋಗತೇನಿ. ಕಟ್ಟಲಾರದಾಂವ ನಾ."

ಅವರು ಹೇಳಿದ ಎರಡನೆಯ ಕಂಬದ ಸುತ್ತಲಿನ ನೆಲ ಪೂರ್ತಿ ಚೀಲಗಳಡಿ ಮುಚ್ಚಿಹೋಗಿತ್ತು. ಅಲ್ಲಿ ಬಿರುಕು ಇದೆಯೋ, ಎಷ್ಟಿದೆಯೋ ನಾನು ನೋಡಿಯೇ ಇರಲಿಲ್ಲ. ಸರಕು ಹೆಚ್ಚಿದ್ದುದು ಅದರ ಮೇಲೆಯೇ. ಈ ಮಾತು ಹೇಳದೆ ಇದ್ದಿದ್ದರೆ ನಾವು ಮೊದಲನೆಯದಕ್ಕೆ ಜಾಕು ಕೊಡುತ್ತ ಎರಡನೆಯದಕ್ಕೆ ಬೆನ್ನು ಮಾಡಿ ನಿಂತಿರುತ್ತಿದ್ದೆವು.

"ಎಲ್ಲಿ ಎಷ್ಟು ಬಿಗಿ ಮಾಡಬೇಕಂತ ನಿಮಗೊಬ್ಬರಿಗೇ ತಿಳಿಯೂದಿಲ್ಲ. ನಡೀರಿ," ಎಂದೆ.

ಮಗ್ಗುಲಿನ ಕಂಬದಿಂದಲೇ ಶುರು ಮಾಡಿದೆವು. ಮೇಲೆ ಕೆಳಗೆ ಹಲಗೆ ಇಟ್ಟು, ನಡುವೆ ಜಾಕು ನಿಲ್ಲಿಸಿ, ತಿರುಪನ್ನು ತಿರುವಿ ತಿರುವಿ ಸ್ಲ್ಯಾಬಿಗೆ ತಾಗಿಸಬೇಕು. ಸಡಿಲವಾದರೆ ಪ್ರಯೋಜನವಿಲ್ಲ, ಅತಿ ಬಿಗಿಯಾದರೆ ಒಂದೇ ಕಡೆ ಒತ್ತಿ ಇನ್ನೊಂದು ಕಡೆ ಹರಿಯುತ್ತದೆ. ಕಂಬದ ನಾಲ್ಕೂ ಮಗ್ಗುಲಿಗೆ ಸಮನಾಗಿ ಏರಿಸುತ್ತ ಹೋಗಬೇಕು. ನಾನು ಸ್ಲ್ಯಾಬಿನ ತಳಕ್ಕೆ ಅಂಗೈ ಇಟ್ಟು ಹೇಳುತ್ತಿದ್ದೆ, ಅವರು ತಿರುವುತ್ತಿದ್ದರು. ಇಬ್ಬರೂ ಪಿಸುದನಿಯಲ್ಲಿ ಮಾತಾಡುತ್ತಿದ್ದೆವು, ಜೋರಾಗಿ ಮಾತಾಡಿದರೆ ಅದಕ್ಕೆ ಎಚ್ಚರವಾಗುತ್ತದೆ ಎನ್ನುವ ಹಾಗೆ.

ಮೂರನೆಯ ಜಾಕು ತಾಗಿದಾಗ ಮೇಲಿನಿಂದ ಟಕ್ ಎಂದು ಒಂದು ಸದ್ದು ಬಂತು. ಒಣ ಕಟ್ಟಿಗೆ ಮುರಿದಂಥ ಸದ್ದು. ನನ್ನ ಅಂಗೈಗೆ ಅದು ತಟ್ಟಿತು. ಮೇಸ್ತ್ರಿಯ ಕೈ ತಿರುಪಿನ ಮೇಲೆ ನಿಂತುಬಿಟ್ಟಿತು.

"ಹೊರಗ ನಡೀರಿ, ಬಾಯಾರ."

ಬಾಗಿಲು ಇಪ್ಪತ್ತೈದು ಅಡಿ ದೂರವಿತ್ತು. ನನಗೆ ಓಡಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ಒಂದು ಹೆಜ್ಜೆ ಇಟ್ಟೂ ಇಟ್ಟೆ. ಆದರೆ ಬಿಟ್ಟು ಓಡಿದರೆ ಮೂರು ಜಾಕುಗಳ ಓರೆ ಆಸರೆಯ ಮೇಲೆ ಅದು ನಿಲ್ಲುವುದಿಲ್ಲವೆಂದು ತಿಳಿದಿತ್ತು.

"ನಾಲ್ಕನೇದು ಕೊಡ್ರಿ," ಎಂದೆ.

ನಾಲ್ಕನೆಯದು ತಾಗಿತು. ಅವರು ಒಂದು ಸುತ್ತು ತಿರುವಿದರು, ಅರ್ಧ ಸುತ್ತು ತಿರುವಿದರು. ಸಾಕು ಎಂದೆ. ಇಬ್ಬರೂ ಕಿವಿಗೊಟ್ಟು ನಿಂತೆವು. ಸದ್ದಿಲ್ಲ. ಆಮೇಲೆ ಅವುಗಳ ಸುತ್ತ ಇನ್ನೂ ನಾಲ್ಕು. ಆಮೇಲೆ ಮೊದಲನೆಯ ಕಂಬ. ಅದು ಮುಗಿದಾಗ ಹೊರಗೆ ಬಂದು ಬಿಸಿಲಲ್ಲಿ ಕೂತೆ.

ಇನ್ನು ಮೇಲಿನ ಸರಕು. ನಾಲ್ಕೇ ಜನ ಮೇಲೆ ಹೋಗಬೇಕು, ಚೀಲ ಎಸೆಯಬಾರದು, ಎತ್ತಿ ಕೈಯಿಂದ ಕೈಗೆ ದಾಟಿಸಬೇಕು ಎಂದು ಹೇಳಿದೆ. ಮೇಲಿನ ನಾಲ್ವರಲ್ಲಿ ಒಬ್ಬರಾಗಿ ಸಾಹುಕಾರರೇ ಹತ್ತಿದರು. ಬೇಡವೆಂದರೂ ಕೇಳಲಿಲ್ಲ. ಮೆಟ್ಟಿಲಿನ ಮೇಲೆ, ಅಂಗಳದಲ್ಲಿ, ಹೊರಗೆ ಬಂದಿದ್ದ ಭಕ್ತರಲ್ಲಿ ಗಂಡಸರೆಲ್ಲ ಸಾಲಾಗಿ ನಿಂತರು. ಚೀಲಗಳು ಒಂದೊಂದಾಗಿ ಇಳಿದವು. ಭಂಡಾರದ ಒಂದು ಚೀಲ ಹರಿದು ಮೆಟ್ಟಿಲು, ಮಂದಿ, ಸಾಹುಕಾರರ ಬಿಳಿ ಅಂಗಿ ಎಲ್ಲ ಹಳದಿಯಾಯಿತು. ಹೊತ್ತು ಇಳಿಯುವ ಹೊತ್ತಿಗೆ ಮೇಲಿನ ನೆಲ ಬರಿದಾಗಿತ್ತು. ಎರಡನೆಯ ಕಂಬದ ಸುತ್ತಲೂ ಬಿರುಕು ಒಂದು ಪೂರ್ತಿ ವರ್ತುಲವಾಗಿತ್ತು. ಒಂದು ಕಡೆ ನೆಲ ಜೋಳದ ಕಾಳಿನಷ್ಟು ಕೆಳಗಿಳಿದಿತ್ತು. ಮೇಸ್ತ್ರಿ ಅದನ್ನು ನೋಡಿ ಅಲ್ಲೇ ಕೂತುಬಿಟ್ಟರು.

ಕೆಳಗೆ ಬಂದಾಗ ಸಾಹುಕಾರರು ಮೇಸ್ತ್ರಿಯ ಕಡೆ ತಿರುಗಿ, "ಇದು ಯಾರ ತಪ್ಪ?" ಎಂದು ಕೇಳಿದರು. ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ.

"ಕೋಣಿ ಕಟ್ಟೋ ಜಾಗದಾಗ ಗೋದಾಮು ಮಾಡಿದ್ದು ನಿಮ್ಮದು. ಎರಡು ಕಂಬಕ್ಕ ರಿಂಗ್ ಬಿಟ್ಟದ್ದು ಇವರದು. ನೋಡಲಾರದ ಸಹಿ ಮಾಡಿದ್ದು ನಂದು. ನೋಡೂದಕ್ಕಂತ ನನ್ನ ಇಟ್ಟಿದ್ರಿ. ನಾ ಆ ಸಾಲಿಗೆ ಹೋಗಲೇ ಇಲ್ಲ."

ಸಾಹುಕಾರರು ಹಳದಿಯಾದ ತಮ್ಮ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡರು. ಬೈಯುತ್ತಾರೆಂದುಕೊಂಡೆ. "ಮೊದಲ ಉಣ್ಣಾಕ ನಡೀರಿ ಇಬ್ಬರೂ," ಎಂದರು. ನನಗೆ ಅನ್ನ ಇಳಿಯಲಿಲ್ಲ.

ದುರಸ್ತಿಯ ಲೆಕ್ಕವನ್ನು ನಾನೊಬ್ಬಳೇ ಹಾಕಲು ಒಪ್ಪಲಿಲ್ಲ. ಬೆಳಗಾವಿಯಲ್ಲಿರುವ ನನ್ನ ಹಳೆಯ ಗುರುಗಳ ಬಳಿ ಹೋಗಿ ಎಲ್ಲವನ್ನೂ, ಆ "ಹ್ಞೂಂರಿ"ಯನ್ನೂ ಸೇರಿಸಿ, ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು, ಆಮೇಲೆ ಕಾಗದ ತೆಗೆದುಕೊಂಡರು. ಸ್ಲ್ಯಾಬಿನ ತುಂಡಾದ ಭಾಗವನ್ನು ಒಡೆದು ತೆಗೆದು ಹೊಸದಾಗಿ ಹಾಕುವುದು, ರಿಂಗು ಇರಲಿ ಬಿಡಲಿ ಹದಿನಾರೂ ಕಂಬಗಳ ತಲೆಗೆ ಕೆಳಗಿನಿಂದ ಅಗಲವಾದ ಕಾಂಕ್ರೀಟಿನ ಆಸರೆ ಕಟ್ಟುವುದು ಎಂದು ತೀರ್ಮಾನವಾಯಿತು. ನಕ್ಷೆ ತೋರಿಸಿದಾಗ ಸಪಾಟು ಹೋಗುತ್ತದೆಂದು ಸಾಹುಕಾರರು ಬೇಸರಪಡಬಹುದೆಂದುಕೊಂಡಿದ್ದೆ.

"ಇದು ಗುಡಿ ಕಂಬದ ಬೋದಗಿ ಅಲ್ರಿ?" ಎಂದರು ಅವರು. "ಹಳೇ ಮಂದಿ ಕಲ್ಲಿನ್ಯಾಗ ಮಾಡ್ಯಾರಲ್ಲ. ಚಂದಕ್ಕಂತ ತಿಳಕೊಂಡಿದ್ನಿ ನಾ."

ನಾನೂ ಹೂಲಿಯ ಗುಡಿಗಳಲ್ಲಿ ಆಡುತ್ತ ಬೆಳೆದವಳು. ಕಂಬದ ತಲೆಯ ಮೇಲೆ ಅಗಲವಾಗಿ ಚಾಚಿ ತೊಲೆ ಹೊರುವ ಆ ಬೋದಿಗೆಗಳ ಅಡಿಯಲ್ಲಿ ನಿಂತು ಎಷ್ಟು ಸಲ ಮೇಲೆ ನೋಡಿದ್ದೆನೋ. ಚಂದಕ್ಕೆ ಎಂದೇ ನಾನೂ ತಿಳಿದಿದ್ದೆ ಎಂದು ಅವರಿಗೆ ಹೇಳಲು ನಾಚಿಕೆಯಾಯಿತು.

ಆ ಹದಿನಾರು ಬೋದಿಗೆಗಳ ಸರಳನ್ನೂ ಮೇಸ್ತ್ರಿಯೇ ಕಟ್ಟಿದರು. ಬೇರೆಯವರನ್ನು ಕರೆಸೋಣ ಎಂದು ಸಾಹುಕಾರರು ಹೇಳಿದ್ದರು, ಬೇಡ ಎಂದೆ. ಮೇಸ್ತ್ರಿ ಒಂದೊಂದು ಕಂಬ ಮುಗಿಸಿದಾಗಲೂ ನನ್ನನ್ನು ಕರೆದು, ನಾನು ಎಣಿಸಿ ಮುಗಿಸುವವರೆಗೂ ಕೈಕಟ್ಟಿ ನಿಲ್ಲುತ್ತಿದ್ದರು. ಮೊದಲಿನಂತೆ ಹರಟೆ ಇರಲಿಲ್ಲ. ನಮ್ಮ ನಡುವೆ ಏನೋ ಹೋಗಿತ್ತು, ಮತ್ತೇನೋ ಬಂದಿತ್ತು. ಎರಡಕ್ಕೂ ನನಗೆ ಹೆಸರು ಗೊತ್ತಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಉಗರಗೋಳವಲ್ಲ. ತೊಲೆ ಇಲ್ಲದ ಸ್ಲ್ಯಾಬುಗಳನ್ನು ನಾನು ಇನ್ನೂ ಮೂರು ಕಡೆ ಮಾಡಿಸಿದ್ದೆ. ರಾಮದುರ್ಗದಲ್ಲಿ ಒಂದು ಬಟ್ಟೆ ಅಂಗಡಿ, ಬೈಲಹೊಂಗಲದಲ್ಲಿ ಒಂದು ವಸತಿ ಸಾಲೆಯ ಊಟದ ಮನೆ, ಕಿತ್ತೂರಿನಲ್ಲಿ ಒಂದು ಮಂಗಲ ಕಾರ್ಯಾಲಯ. ಅಲ್ಲೆಲ್ಲ ನಾನು ಎಲ್ಲ ಕಂಬಗಳ ಬಳಿಯೂ ಕೂತು ಎಣಿಸಿದ್ದೆನೇ? ಎಷ್ಟು ನೆನಪು ಮಾಡಿಕೊಂಡರೂ ಕೆಲವು ಕಂಬಗಳು ನೆನಪಿಗೆ ಬರುತ್ತಿರಲಿಲ್ಲ. ಕಾಂಕ್ರೀಟಿನೊಳಗಿನ ಸರಳನ್ನು ಹೊರಗಿನಿಂದಲೇ ಪತ್ತೆ ಹಚ್ಚುವ ಯಂತ್ರವೊಂದಿದೆ. ಗೆಳತಿಯೊಬ್ಬಳು ಪಾಠ ಮಾಡುವ ಕಾಲೇಜಿನಿಂದ ಅದನ್ನು ಎರವಲು ತಂದು, ಒಂದೊಂದೇ ಕಡೆ ಹೋದೆ.

ರಾಮದುರ್ಗದ ಅಂಗಡಿಯವರು ಬಟ್ಟೆಯ ಗಂಟುಗಳ ಮೇಲೆ ನಿಂತ ನನ್ನನ್ನು ಅನುಮಾನದಿಂದ ನೋಡಿದರು. "ಈಗ ಯಾಕ್ರಿ, ಬಾಯಾರ? ಏನರ ಐತೇನು?" ನಿಜ ಹೇಳಿದೆ. ಅವರೂ ನನ್ನ ಜೊತೆ ಏಣಿ ಹಿಡಿದು ನಿಂತರು. ಎಲ್ಲ ಸರಿಯಿತ್ತು. ವಸತಿ ಸಾಲೆಯಲ್ಲೂ ಸರಿಯಿತ್ತು. ಉಳಿದದ್ದು ಕಿತ್ತೂರು.

ಕಿತ್ತೂರಿಗೆ ಹೋದ ದಿನ ಅಲ್ಲಿ ಯಾರದೋ ನಿಶ್ಚಿತಾರ್ಥ ಇತ್ತು. ಕಾರ್ಯಾಲಯ ನೋಡಿಕೊಳ್ಳುವವರು ಊಟದ ಪಂಕ್ತಿ ಶುರುವಾಗುವ ಮುಂಚೆ ಮುಗಿಸಿ ಎಂದರು. ಇಪ್ಪತ್ತು ಕಂಬ. ನಾನು ಏಣಿ ಹತ್ತುತ್ತ ಇಳಿಯುತ್ತ ಹೋದೆ. ಕಂಬದ ತಲೆಯ ಹತ್ತಿರ ಯಂತ್ರವನ್ನು ಸ್ಲ್ಯಾಬಿಗೆ ಒತ್ತಿ ಸರಿಸಿದರೆ ಸರಳು ಇದ್ದಲ್ಲೆಲ್ಲ ಅದು ಕುಂಯ್ ಎನ್ನುತ್ತದೆ. ಹದಿನೇಳನೆಯ ಕಂಬದ ಬಳಿ ಅದು ಸುಮ್ಮನಾಯಿತು. ಮತ್ತೆ ಸರಿಸಿದೆ. ಸುಮ್ಮನೇ ಇತ್ತು. ಕೆಳಗೆ ಎಲೆ ಹಾಕಲು ಶುರು ಮಾಡಿದ್ದರು, ಮಕ್ಕಳು ಓಡಾಡುತ್ತಿದ್ದರು. ಇವರಿಗೆಲ್ಲ ಏನು ಹೇಳಿ ಎಬ್ಬಿಸಲಿ ಎಂದು ಮಾತು ಹುಡುಕುತ್ತಿದ್ದೆ. ಆಗ ಯಂತ್ರದ ಪರದೆ ನೋಡಿದೆ. ಅದರ ಸೆಲ್ಲು ಮುಗಿದಿತ್ತು.

ಬಸ್ ನಿಲ್ದಾಣದ ಅಂಗಡಿಗೆ ಹೋಗಿ ಹೊಸ ಸೆಲ್ಲು ತಂದು ಹಾಕಿದೆ. ಹದಿನೇಳನೆಯ ಕಂಬದ ಬಳಿ ಕುಂಯ್ ಎಂದಿತು. ನಕ್ಷೆಯಲ್ಲಿ ಬರೆದಷ್ಟೇ ಅಂತರದಲ್ಲಿ, ಒಂದಾದ ಮೇಲೊಂದು. ಇಪ್ಪತ್ತನೆಯದೂ ಮುಗಿಯಿತು.

ಏಣಿ ಇಳಿದು ಯಂತ್ರವನ್ನು ಚೀಲದೊಳಗೆ ಇಡುತ್ತ ಇದ್ದಾಗ ನಿಶ್ಚಿತಾರ್ಥದ ಮನೆಯ ಹೆಂಗಸೊಬ್ಬರು ಬಂದರು. ನಾನು ಯಾರು, ಏನು ಮಾಡುತ್ತಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಕರೆಂಟಿನ ಕೆಲಸ ಮುಗೀತೇನ್ರಿ? ಊಟಾ ಮಾಡಿ ಹೋಗ್ರಿ, ಎಲಿ ಹಾಕ್ಯಾರ. ಕೂಡ್ರಿ."

ಕೈ ತೊಳೆದು ಬಂದು ಪಂಕ್ತಿಯಲ್ಲಿ ಕೂತೆ. ಎದುರಿಗೆ ಒಬ್ಬ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಬಡಿಸುವವರು ಮೊದಲು ಉಪ್ಪು, ಆಮೇಲೆ ಕೋಸಂಬರಿ ಹಾಕುತ್ತ ಬಂದರು. ಎಷ್ಟೋ ವಾರಗಳ ಮೇಲೆ ನನಗೆ ಹಸಿವಾಗಿತ್ತು.